ಸೋಸಿದ ನೀರಲ್ಲಿ ಬೆಂದ ಎಂಜಿನ್ನು

ಜಮಖಂಡಿ, ೭ ಫೆಬ್ರವರಿ ೧೯೪೪, ಸೋಮವಾರ

ಇಂದು ಮಧ್ಯಾಹ್ನ ಬಾಗಿಲಿಗೆ ಒಂದು ಚಕ್ಕಡಿ ಬಂದು ನಿಂತಿತು. ಮಗಳು ಬಂದಳೆಂದು ಹೊರಗೆ ಬಂದೆ. ಬಂದಿದ್ದಳು ಖರೆ, ಆದರೆ ಚಕ್ಕಡಿಯಲ್ಲಿ ಅವಳಿಗೆ ಸಿಕ್ಕದ್ದು ಒಂದು ಮೂಲೆ ಮಾತ್ರ. ಉಳಿದ ಜಾಗದಲ್ಲೆಲ್ಲ ಅಳಿಯನ ಬಸ್ಸಿನ ಎಂಜಿನ್ನಿನ ಕರುಳು, ಗುಂಡಿಗೆ, ಪಿತ್ತಕೋಶಗಳು ಗೋಣಿತಟ್ಟು ಹೊದ್ದು ಬಾಣಂತಿಯ ಹಾಗೆ ಮಲಗಿದ್ದವು. ಬೇರೆಯವರ ಹೆಣ್ಣುಮಕ್ಕಳು ತವರಿಗೆ ಬರುವಾಗ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಉಂಡಿ ತರುತ್ತಾರೆ. ನನ್ನ ರಾಜಮತಿ ವಾಲ್ವು ತಂದಳು.

ಅಳಿಯ ವೃಷಭನದು ಜಮಖಂಡಿಯಿಂದ ಮುಧೋಳಕ್ಕೆ ಮೋಟಾರು ಸರ್ವಿಸು. ಅಷ್ಟೇ ದಾರಿ, ಅದರಲ್ಲಿ ಎರಡು ಸಂಸ್ಥಾನ. ನಡುವೆ ಗಡಿ ದಾಟುವಾಗ ಪ್ರಯಾಣಿಕರಿಗೆ ವಿಲಾಯತಿಗೆ ಹೋದಷ್ಟು ಹೆಮ್ಮೆ. ಯುದ್ಧ ಬಂತು, ಪೆಟ್ರೋಲು ಹೋಯಿತು. ಈಗ ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ ಕಟ್ಟಿ, ಇದ್ದಲಿ ಉರಿಸಿ, ಅದರ ಗ್ಯಾಸಿನ ಮೇಲೆ ಓಡಿಸುತ್ತಾರೆ. ಓಡಿಸುತ್ತಾರೆ ಎಂಬುದು ಗೌರವದ ಮಾತು. ತಪ್ಪಿದ ಬಸ್ಸನ್ನು ಹಿಡಿಯಲು ಈಗ ಯಾರೂ ಓಡುವುದಿಲ್ಲ, ನಡೆದರೆ ಸಾಕು.

ಆ ಇದ್ದಲಿಯ ಮಸಿಯೂ ಎಣ್ಣೆಯೂ ಕೂಡಿ ಡಾಂಬರಾಗಿ ಎಂಜಿನ್ನು ಉಸಿರುಗಟ್ಟಿ ನಿಂತಿದೆ. ಊರಿಗೊಬ್ಬನಿದ್ದ ಮಿಸ್ತ್ರಿ ದಂಡಿಗೆ ಸೇರಿ ಬರ್ಮಾದ ಕಡೆ ಹೋದ. ಮಾರ್ಚ್ ಹತ್ತಕ್ಕೆ ಪರೀಕ್ಷಕ ಸಾಹೇಬರು ಬರುತ್ತಾರೆ. ಅಂದು ಬಸ್ಸು ತುಂಬ ಜನರನ್ನು ಹೊತ್ತು ಊರ ಹೊರಗಿನ ಏರು ಹತ್ತಿದರೆ ಪಾಸು. ಹತ್ತದಿದ್ದರೆ ಸರ್ವಿಸು ಬಂದ್. ಆಗ ವೃಷಭ ಬನಹಟ್ಟಿಯಲ್ಲಿ ತನ್ನಪ್ಪನ ಅರಿವೆ ಅಂಗಡಿಯ ಗಾದಿ ಮೇಲೆ ಕುಳಿತು ಜೀವಮಾನವಿಡೀ ಸೀರೆ ಮಡಚಬೇಕು.

ಸಾಮಾನನ್ನು ಬಸ್ಸಿನಿಂದ ಬಿಚ್ಚಿ ಮೊದಲು ಬನಹಟ್ಟಿಗೇ ಒಯ್ದಿದ್ದನಂತೆ. ಬೀಗರು ಹೊಸ್ತಿಲು ದಾಟಗೊಡಲಿಲ್ಲ. ಆದ್ದರಿಂದ ನನ್ನ ಹಿತ್ತಲಕ್ಕೆ ಈ ಸೌಭಾಗ್ಯ.

ನನಗೇನು? ನನ್ನ ಹೆಂಡತಿ ಅನುಸೂಯಾ ಹೋದ ಶ್ರಾವಣದಲ್ಲಿ ಕಣ್ಣು ಮುಚ್ಚಿದಳು. ಅಂದಿನಿಂದ ನಾನೂ ಹೊರಟವನೇ. ಗಾಡಿ ತಡವಾಗಿದೆ, ಅಷ್ಟೇ. ಎದೆ ಅಶಕ್ತವಾಗಿದೆ, ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಸಿಟ್ಟಿಗೇಳಬೇಡಿ ಎಂದು ವೈದ್ಯರ ಅಪ್ಪಣೆ. ಇಂಗ್ಲಿಷಿನಲ್ಲಿ ಇಂಥವನಿಗೆ ‘ಒನ್ ಫುಟ್ ಇನ್ ದ’ ಏನೋ ಅನ್ನುತ್ತಾರೆ. ಕೊಲ್ಹಾಪುರದ ಕಾಲೇಜಿನಲ್ಲಿ ಎರಡು ವರ್ಷ ಇದ್ದು ಇಂಟರ್ ನಪಾಸಾಗಿ ಬಂದವನಿಗೆ ಕಾಲು ನೆನಪಿದೆ, ಎಲ್ಲಿ ಇಟ್ಟದ್ದೆಂಬುದು ಮರೆತಿದೆ.

ಇಳಿಸಿಕೊಳ್ಳಿರಿ ಎಂದೆ. ಹೊರಟು ನಿಂತವನ ಮನೆಯಲ್ಲಿ ಜಾಗಕ್ಕೇನು ಕಡಿಮೆ.

೯ ಫೆಬ್ರವರಿ, ಬುಧವಾರ

ಒಗೆಯುವ ಕಲ್ಲಿನ ಮೇಲೆ ಪಿಸ್ಟನ್ನು. ನುಚ್ಚು ಕೇರುವ ಮೊರದಲ್ಲಿ ಸ್ಪ್ರಿಂಗು. ಅನುಸೂಯಾ ಹಪ್ಪಳ ಒಣಗಿಸುತ್ತಿದ್ದ ಚಾಪೆಯ ಮೇಲೆ ಬೋಲ್ಟುಗಳ ಸಂತರ್ಪಣೆ. ರಾಜಮತಿ ಸೆರಗು ಬಿಗಿದು ಬೂದಿ, ತೆಂಗಿನ ನಾರು ಹಿಡಿದು ಕುಳಿತಿದ್ದಾಳೆ. ಬೂದಿ ಕಪ್ಪಾಯಿತು, ನಾರು ಕಪ್ಪಾಯಿತು, ಮಗಳು ಕಪ್ಪಾದಳು. ವಾಲ್ವು ಮೊದಲೇ ಕಪ್ಪು.

ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದರೆ ಒಂದೇ ದಿನದಲ್ಲಿ ಬಿಡುತ್ತದೆ ಎಂದ ವೃಷಭ. ಅಂದದ್ದೇ ತಡ, ಅಡಿಗೆಮನೆಯಿಂದ ಹೀರಾ ಅಕ್ಕನ ಸ್ವಾರಿ ಹೊರಟಿತು. ಇವಳು ನನ್ನ ಖಾಸಾ ಅಕ್ಕ; ಗಂಡ ಹೋದ ಮೇಲೆ ಇಲ್ಲೇ ಇದ್ದಾಳೆ. ಅವಳ ಜೈನ ನೇಮದ ದೆಸೆಯಿಂದ ಇಪ್ಪತ್ತೈದು ವರ್ಷದಿಂದ ಈ ಮನೆಯಲ್ಲಿ ಒಂದು ಸೊಳ್ಳೆಯೂ ಅಕಾಲ ಮರಣಕ್ಕೆ ತುತ್ತಾಗಿಲ್ಲ.

“ಚಿಮಣಿ ಎಣ್ಣಿ ಹಿತ್ತಲದಾಗ ಚೆಲ್ಲಿದ್ರ ಎಷ್ಟ ಇರುವಿ ಸಾಯತಾವ, ಅಂದಾಜ ಐತೇನ್ರಿ ಅಳ್ಯಾರ?”

“ಬೋಗಾಣ್ಯಾಗ ಇಟ್ಟ ತೊಳೀತೇನ್ರಿ ಅತ್ತಿ. ನೆಲಕ್ಕ ಬೀಳೂದಿಲ್ಲ.”

“ತೊಳದದ್ದ ಎಲ್ಲಿ ಚೆಲ್ಲತೀರಿ? ಆಕಾಶದಾಗ?”

ಅಳಿಯ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಹೇಗೂ ಚಿಮಣಿ ಎಣ್ಣೆ ರೇಶನ್ನಿನಲ್ಲಿ ದೀಪಕ್ಕೇ ಸಾಲದು. ಅಹಿಂಸೆಗೆ ಸರಕಾರದ ಬೆಂಬಲವೂ ಇದೆ ಎಂದಾಯಿತು.

ಸುಮ್ಮನೆ ಕೂಡುವುದೇಕೆಂದು ನಾನೂ ಒಂದು ಬೋಲ್ಟು ಕೈಗೆತ್ತಿಕೊಂಡು ಕೆರೆದೆ. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಬಾ ಎಂದು ಅಕ್ಕ ಮೂರು ಸಲ ಕೂಗಿದಳಂತೆ, ಕೇಳಿಸಲಿಲ್ಲ. ಕಿವಿಯೂ ಹೊರಟಿತೆಂದು ಕಾಣುತ್ತದೆ.

೧೨ ಫೆಬ್ರವರಿ, ಶನಿವಾರ

ಬೀಗರು ಪಾಯಪ್ಪನವರು ದಯಮಾಡಿಸಿದ್ದರು. ಹಾಲಿನಂಥ ಧೋತರ, ಜರಿ ರುಮಾಲು. ಕೂಡಲು ಜಮಖಾನೆ ಹಾಸಿದರೆ ಅದರ ಮೇಲೆ ತಮ್ಮ ಶಲ್ಯ ಹಾಸಿ ಕುಳಿತರು. ಕುಳಿತವರೇ ಬೆರಳು ಬಿಚ್ಚಿದರು.

“ಇದ್ದಲಿ ಸುಡೂದು, ಅಂಗಾರ ಕರ್ಮ. ಗಾಡಿ ಹೊಡಿಯೂದು, ಶಕಟ ಕರ್ಮ. ಬಾಡಿಗಿಗೆ ಮಂದೀನ್ನ ಹೊರೂದು, ಭಾಟಕ ಕರ್ಮ. ಶ್ರಾವಕ ಮಾಡಬಾರದ ಧಂದೆ ಅಂತ ಹಿರಿಯಾರು ಹೇಳಿದ್ದು ಬ್ಯಾರೆ ಬ್ಯಾರೆ ಅದಾವ. ನನ್ನ ಮಗ ಶಾಣ್ಯಾ ನೋಡ್ರಿ, ಮೂರೂ ಒಂದ ಗಾಡ್ಯಾಗ ಕೂಡಿಸ್ಯಾನ.”

“ಬನಹಟ್ಟಿಯಿಂದ ಹ್ಯಾಂಗ ಬಂದ್ರಿ ಬೀಗರ? ನಡಕೋತ?” ಎಂದೆ.

“ಚಕ್ಕಡಿ ಬಾಡಿಗಿ ಹಿಡದ ಬಂದೆ. ಯಾಕ?”

“ಏನಿಲ್ರಿ, ಸುಮ್ಮ ಕೇಳಿದೆ.”

ಬೀಗರು ಜಾಣರು, ಅರ್ಥವಾಗದವರ ಹಾಗೆ ಕೆಮ್ಮಿದರು. ಆಮೇಲೆ ಹಿತ್ತಲಕ್ಕೆ ಕೇಳುವಂತೆ ದನಿ ಎತ್ತಿದರು. “ಹತ್ತನೇ ತಾರೀಖಿಗೆ ನಾನೂ ಬರತೇನಿ. ಏರು ಹತ್ತಿತೋ, ಇನ್ನ ಮುಂದ ನಾ ತುಟಿ ಬಿಚ್ಚೂದಿಲ್ಲ. ಹತ್ತಲಿಲ್ಲೋ, ಅವತ್ತ ಸಂಜೀಕ ಅವ ನನ್ನ ಜೋಡಿ ಬಂದ ಗಾದಿ ಮ್ಯಾಲ ಕೂಡಬೇಕು. ಮಾತ ಮುಗೀತು.”

“ಕೂಡತೇನಿ,” ಎಂದು ಹಿತ್ತಲದಿಂದ ವೃಷಭನ ದನಿ ಬಂತು. ಅವನು ಕೆಲಸ ಮಾಡುವಾಗ ಸಿಳ್ಳು ಹಾಕುತ್ತಾನೆ. ಆ ಸಿಳ್ಳು ನಿಂತಿತು.

ಬೀಗರು ಹೋದ ಮೇಲೆ ರಾಜಮತಿ ನನ್ನ ಹತ್ತಿರ ಬಂದು ಕುಳಿತಳು. ಕೈಯಲ್ಲಿಯ ಸ್ಪ್ರಿಂಗನ್ನು ತಿರುವುತ್ತ, “ಅಂಗಡ್ಯಾಗ ಇದ್ದಾಗ ಇವರು ಮನಿಗೆ ಬಂದ್ರ ಮಾತಾಡತಿರಲಿಲ್ಲ ಎಪ್ಪಾ. ಉಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ರು. ನಾಕ ವರ್ಷ ಹಂಗ ಆತು. ಬಸ್ ಬಂದ ಮ್ಯಾಲೇನ ನನಗ ಗಂಡ ಅಂತ ಒಬ್ಬ ಸಿಕ್ಕಿದ್ದು,” ಎಂದಳು.

ಈ ಕಾಲದ ಹೆಣ್ಣುಮಕ್ಕಳು ತಂದೆಯ ಮುಂದೆ ಏನು ಬೇಕಾದರೂ ಆಡುತ್ತಾರೆ. ನಾನು ಎದ್ದು ಹೋಗಿ ಬೋಲ್ಟು ಕೆರೆದೆ.

೧೩ ಫೆಬ್ರವರಿ, ರವಿವಾರ

ಬೂದಿ, ಹುಣಸೆಹಣ್ಣು, ಇಟ್ಟಂಗಿ ಪುಡಿ. ಇಡೀ ದಿನ, ಒಂದೇ ಸ್ಪ್ರಿಂಗು. ಜಿಡ್ಡು ಹೋಗಲಿಲ್ಲ, ಉಗುರು ಹೋಯಿತು.

೧೭ ಫೆಬ್ರವರಿ, ಗುರುವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಕೊಲ್ಹಾಪುರದ ಕೆಮಿಸ್ಟ್ರಿ ಪ್ರೊಫೆಸರು ಸಾಕ್ಷಾತ್ತಾಗಿ ಕಣ್ಣ ಮುಂದೆ ನಿಂತರು. ‘ಆಲ್ಕಲಿ ಪ್ಲಸ್ ಫ್ಯಾಟ್ ಈಸ್ ಈಕ್ವಲ್ ಟು ಸೋಪ್!’ ಆಹಾ! ಖಾರ ಕೂಡಿದರೆ ಜಿಡ್ಡೇ ಸಾಬೂನಾಗುತ್ತದೆ, ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅದರ ಮುಂದೆ ಅವರು ‘ಬಟ್’ ಎಂದು ಮತ್ತೇನನ್ನೋ ಹೇಳಿದ್ದರು; ಆ ಹೊತ್ತಿಗೆ ಮೆಸ್ಸಿನ ಗಂಟೆ ಹೊಡೆದಿತ್ತು. ವಿದ್ಯೆಯ ಮುಖ್ಯಭಾಗ ನೆನಪಿದ್ದರೆ ಸಾಕು.

ಖಾರ ಎಲ್ಲಿದೆ? ಬನಹಟ್ಟಿಯ ಬಣ್ಣಗಾರರ ಮನೆಯಲ್ಲಿ. ನೂಲಿಗೆ ಬಣ್ಣ ಹಚ್ಚುವ ಹಂಡೆಗೆ ಕಾಸ್ಟಿಕ್ ಸೋಡಾ ಹಾಕುತ್ತಾರೆ. ನೂಲಿನ ಚಕ್ಕಡಿಯೊಂದು ಹೊರಟಿತ್ತು, ಹತ್ತಿ ಕುಳಿತೆ. ಬಸ್ಸಿನಲ್ಲಿ ಹೋಗಬಹುದಿತ್ತು, ಆದರೆ ಬಸ್ಸಿನ ಗುಂಡಿಗೆ ನನ್ನ ಹಿತ್ತಲದಲ್ಲಿತ್ತು.

ನಾಮದೇವ ಬಣ್ಣಗಾರ ಹಳೆಯ ಪರಿಚಯ. ಮೊಳಕೈವರೆಗೂ ನೀಲಿ. ನನ್ನನ್ನು ನೋಡಿ ದೆವ್ವ ಕಂಡವನ ಹಾಗೆ ಎದ್ದ.

“ಸುಪಾರ್ಶ್ವಪ್ಪನಾರ! ನೀವು ಹಾಸಗಿ ಹಿಡದೀರಿ ಅಂತ ಸುದ್ದಿ ಇತ್ತಲ್ರಿ!”

“ಬಿಟ್ಟೇನಿ. ಸ್ವಲ್ಪ ಸೋಡಾ ಕೊಡಪಾ.”

“ಹಾಸಗಿ ತೊಳ್ಯಾಕೇನ್ರಿ?”

“ಎಂಜಿನ್ ತೊಳ್ಯಾಕ.”

ನಾಮದೇವ ತನ್ನ ಹೆಂಡತಿಯನ್ನು ಕರೆದು ನನ್ನನ್ನು ತೋರಿಸಿದ. ಸೋಡಾ ಕೊಟ್ಟ. ಬರಿಗೈಲೆ ಮುಟ್ಟಬೇಡಿ, ಹಿಡಿಯಷ್ಟೇ ಹಾಕಿ ಎಂದು ಹತ್ತು ಸಲ ಹೇಳಿದ. ಹೋಗುವಾಗ ಅರ್ಧ ದಾರಿ ಚಕ್ಕಡಿ, ಅರ್ಧ ದಾರಿ ನಡಿಗೆ, ಬರುವಾಗ ಪೂರ್ತಿ ದಾರಿ ಜಗಳ: ಚಕ್ಕಡಿಯ ಲಗಮಪ್ಪನಿಗೆ ಹಿಟ್ಲರ ಗೆಲ್ಲುತ್ತಾನೆಂಬ ನಂಬಿಕೆ. ಗಂಟಲು ಬಿದ್ದಿದೆ.

೧೮ ಫೆಬ್ರವರಿ, ಶುಕ್ರವಾರ

ಜಯ! ಜಯ! ‘ವೇನಿ, ವಿಡಿ’ ಮತ್ತು ಮೂರನೆಯದು!

ಹೀರಾ ಅಕ್ಕನನ್ನು ಒಪ್ಪಿಸಿದ್ದು ಹೀಗೆ: ಸೋಡಾ ಬರೇ ಉಪ್ಪಿನ ತಮ್ಮ. ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಹಾಕುತ್ತೇವೆ. ಕುದಿದ ನೀರನ್ನು ಆರಿಸಿ, ಇರುವೆ ಓಡಾಡದ ಹಾಳು ಕಲ್ಲುಕುಣಿಗೆ ಚೆಲ್ಲುತ್ತೇವೆ. ಅಕ್ಕ ಸ್ವತಃ ಕಲ್ಲುಕುಣಿಯನ್ನು ಪರೀಕ್ಷೆ ಮಾಡಿ ಬಂದು, “ಅಡ್ಡಿಯಿಲ್ಲ,” ಎಂದಳು. ಲೋಕದಲ್ಲಿ ಸೋಸಿದ ನೀರಿನಲ್ಲಿ ಬೆಂದ ಮೊದಲ ಎಂಜಿನ್ನು ಇದೇ ಇರಬೇಕು.

ಹಂಡೆ ಯಾವುದು ಎಂಬ ಪ್ರಶ್ನೆ ಬಂತು. ಬಚ್ಚಲಲ್ಲಿ ಅನುಸೂಯಾಳ ದೊಡ್ಡ ತಾಮ್ರದ ಹಂಡೆಯಿದೆ. ಅವಳು ಹೋದ ಮೇಲೆ ಅದಕ್ಕೆ ಯಾರೂ ಉರಿ ಹಾಕಿಲ್ಲ, ನಾನೇ ಹಾಕಗೊಟ್ಟಿಲ್ಲ. “ಅವ್ವನ ಹಂಡೇದಾಗ?” ಎಂದಳು ರಾಜಮತಿ. “ಮತ್ತೇನು ನಿಮ್ಮ ಮಾವನ ರುಮಾಲದಾಗ?” ಎಂದೆ. ಹೊರಗೆ ತಂದೆವು. ನಾನೊಂದು ಬದಿ, ಅಳಿಯನೊಂದು ಬದಿ. ಒಳ್ಳೇ ಭಾರದ ಹಂಡೆ.

ಕಬ್ಬಿಣದ ಸಾಮಾನನ್ನೆಲ್ಲ ಹಾಕಿ ಕುದಿಸಿದೆವು. ವಾಲ್ವು, ಸ್ಪ್ರಿಂಗು, ಸಲಾಕೆ, ಬೋಲ್ಟು. ಮೇಲೆ ಕರಿ ಕೆನೆ ಕಟ್ಟಿತು. ಇಕ್ಕಳದಿಂದ ಎತ್ತಿ ನೀರು ಸುರಿದರೆ ಬಸದಿಯ ಗಂಟೆಯ ಹಾಗೆ ತೊಳಗಿದವು. ವೃಷಭ ಒಂದು ವಾಲ್ವನ್ನು ಬಿಸಿಲಿಗೆ ಹಿಡಿದು, “ಮಾವಾರ, ಕಂಪನಿ ಬಿಟ್ಟಾಗೂ ಹಿಂಗ ಇದ್ದಿರಾಕಿಲ್ರಿ,” ಎಂದ. ಸಿಳ್ಳು ಮತ್ತೆ ಶುರುವಾಗಿದೆ, ಅದೇ ಕೆಟ್ಟ ಸಿಳ್ಳು.

ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಎರಡು ಬಟ್ಟಲು ಮಜ್ಜಿಗೆ. ಅಕ್ಕನ ಅಡಿಗೆಗೆ ಈಚೆಗೆ ರುಚಿ ಬಂದಿದೆ. ಏನು ಹಾಕುತ್ತಾಳೋ ಕೇಳಬೇಕು.

೨೨ ಫೆಬ್ರವರಿ, ಮಂಗಳವಾರ

ವೃಷಭ ನಿನ್ನೆ ರಿಂಗು, ವಾಶರು ತರಲು ಕೊಲ್ಹಾಪುರಕ್ಕೆ ಹೋದ. ಹೋಗುವಾಗ, “ಪಿಸ್ಟನ್ ಹಂಗ ಇರಲ್ರಿ ಮಾವಾರ, ನಾ ಬಂದ ತೊಳೀತೇನಿ,” ಎಂದಿದ್ದ. ಅರ್ಧ ಕೆಲಸ ಬಿಡುವುದು ನಮ್ಮ ವಂಶದಲ್ಲಿಲ್ಲ.

ಆರನ್ನೂ ಹಾಕಿದೆ. ನಾಮದೇವ ಹಿಡಿ ಅಂದಿದ್ದ. ಅದು ಅವನ ಹಿಡಿಯೋ ನನ್ನ ಹಿಡಿಯೋ ಎಂಬ ಸಂಶಯಕ್ಕೆ ಎರಡು ಹಿಡಿ ಹಾಕಿದೆ. ನೀರು ಕುದಿಯುವ ಮುಂಚೆಯೇ ಪಿಸ್ಟನ್ನುಗಳು ಕುದಿಯತೊಡಗಿದವು. ಬುರುಬುರು ನೊರೆ. ಹಂಡೆಯ ಬಾಯಿತನಕ.

“ಎಪ್ಪಾ, ಮೊನ್ನಿ ಹಿಂಗ ಆಗಿರಲಿಲ್ಲ,” ಎಂದಳು ರಾಜಮತಿ.

“ಮೊನ್ನಿಂದು ಮ್ಯಾಲಿನ ಹೊಲಸ. ಇದು ಒಳಗಿಂದು. ಒಳಗಿನ ಹೊಲಸ ಹೊರಗ ಬರೂಮುಂದ ಸಪ್ಪಳ ಆಗತೈತಿ.”

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಕರ್ಮನಿರ್ಜರೆಯ ಮೇಲೆ ಉಪನ್ಯಾಸವನ್ನೂ ಕೊಟ್ಟೆ: ಆತ್ಮಕ್ಕೆ ಅಂಟಿದ ಕರ್ಮ ತಪಸ್ಸಿನ ಕಾವಿಗೆ ಹೀಗೆಯೇ ಉದುರುತ್ತದೆ, ನೋಡು. ಹೀರಾ ಅಕ್ಕ ಕೈ ಮುಗಿದು ಕೇಳಿದಳು. ಉಪನ್ಯಾಸ ಮುಗಿಯುವ ಹೊತ್ತಿಗೆ ಇಕ್ಕಳದಿಂದ ಒಂದನ್ನು ಎತ್ತಿದೆ. ಕರ್ಮದ ಜೊತೆ ದೇಹವೂ ಉದುರಿತ್ತು. ಮೈತುಂಬ ಸಿಡುಬಿನ ಕಲೆ, ಅಂಚು ತಿಂದು ಹೋಗಿದೆ, ಹಿಡಿದರೆ ಹಗುರ. ಆರೂ ಹಾಗೆಯೇ.

ಅವು ಕಬ್ಬಿಣವಲ್ಲ. ಜರ್ಮನ್. ಪೇಟೆಯಲ್ಲಿ ಬೋಗಾಣಿ ಮಾರುತ್ತಾರಲ್ಲ, ಆ ಹಗುರ ಬಿಳಿ ಧಾತು, ಅಲ್ಯುಮಿನಿಯಂ. ಪ್ರೊಫೆಸರರು ‘ಬಟ್’ ಎಂದ ಮೇಲೆ ಹೇಳಿದ್ದು ಇದನ್ನೇ ಇರಬೇಕು. ಜಗತ್ತಿನ ದೊಡ್ಡ ದೊಡ್ಡ ಸೈನ್ಯಗಳು ನಾಲ್ಕು ವರ್ಷದಿಂದ ಜರ್ಮನ್ನನ್ನು ಸೋಲಿಸಲು ಒದ್ದಾಡುತ್ತಿವೆ. ಸುಪಾರ್ಶ್ವ ಒಂದು ಹಂಡೆ ನೀರಿನಲ್ಲಿ ಮುಗಿಸಿದ.

“ಇರುವಿ ಒಂದೂ ಸಾಯಲಿಲ್ಲ ಬಿಡು ತಮ್ಮಾ,” ಎಂದಳು ಅಕ್ಕ, ನನ್ನ ಮುಖ ನೋಡಿ.

ರಾಜಮತಿ ಆರನ್ನೂ ಸಾಲಾಗಿ ಒಗೆಯುವ ಕಲ್ಲಿನ ಮೇಲೆ ಇಟ್ಟಳು. ಒಂದನ್ನು ಸೆರಗಿನಿಂದ ಒರೆಸಿದಳು, ಒರೆಸಿದರೆ ಸರಿಹೋದೀತು ಎಂಬ ಹಾಗೆ.

೨೩ ಫೆಬ್ರವರಿ, ಬುಧವಾರ

ಬರೆಯುವಂಥದ್ದೇನೂ ಇಲ್ಲ.

೨೫ ಫೆಬ್ರವರಿ, ಶುಕ್ರವಾರ

ಯುದ್ಧ ನಡೆದಿರುವಾಗ ಅಮೇರಿಕದ ಪಿಸ್ಟನ್ನು ಎಲ್ಲಿಂದ ತರುವುದು? ಬೆಳಗಾವಿಯ ಏಜೆಂಟನಿಗೆ ತಾರು ಮಾಡಿಸಿದೆ. ಯುದ್ಧ ಮುಗಿದ ಮೇಲೆ ವಿಚಾರಿಸಿ ಎಂದು ಉತ್ತರ. ಮರ್ಯಾದಸ್ಥ.

ಅದೇ ಜಾತಿಯ ಇನ್ನೊಂದು ಬಸ್ಸು ಈ ಸೀಮೆಯಲ್ಲಿ ಒಬ್ಬನ ಹತ್ತಿರ ಇದೆ. ಗಿರಿಮಲ್ಲಪ್ಪ. ಮುಧೋಳದ ದಾರಿಯಲ್ಲಿ ವೃಷಭನಿಗೂ ಅವನಿಗೂ ಎರಡು ವರ್ಷ ಕುಸ್ತಿ. ಒಬ್ಬನ ಗಾಡಿಯಲ್ಲಿ ಕುಳಿತ ಪ್ರಯಾಣಿಕನ ಗಂಟನ್ನು ಇನ್ನೊಬ್ಬ ಕಸಿದು ತನ್ನ ಗಾಡಿಗೆ ಹಾಕಿಕೊಳ್ಳುವಷ್ಟು ಸ್ನೇಹ. ಹೋದ ಮಳೆಗಾಲದಲ್ಲಿ ಗಿರಿಮಲ್ಲನ ಬಸ್ಸು ಹಳ್ಳಕ್ಕೆ ಉರುಳಿ ಎಂಜಿನ್ನಿನ ಹೊಟ್ಟೆ ಒಡೆಯಿತು. ಅಂದು ವೃಷಭ ಪೇಢೆ ಹಂಚಿದ್ದ. ಅವನ ಮನೆಗೆ ಪಿಸ್ಟನ್ನು ಕೇಳಲು ಹೋಗಬೇಕು. ನಾನು ಹೋದೆ. ಊರ ಆಚೆ, ಗುಡ್ಡದ ಮಗ್ಗುಲಿಗೆ, ನಡೆದುಕೊಂಡು.

ಬಸ್ಸಿನ ತುಂಬ ದನದ ಮೇವಿಗೆ ಜೋಳದ ಕಣಿಕೆ ಒಟ್ಟಿದ್ದ. ಸ್ಟೇರಿಂಗಿಗೆ ಕರು ಕಟ್ಟಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಗಿರಿಮಲ್ಲಪ್ಪ ಮೊದಲು ನಿಂತು ನಕ್ಕ, ಆಮೇಲೆ ಕುಳಿತು ನಕ್ಕ, ಆಮೇಲೆ ಹೆಂಡತಿ ಶಿವಗಂಗವ್ವನನ್ನು ಕರೆದು ಇನ್ನೊಮ್ಮೆ ಹೇಳಿಸಿದ.

“ಅಲ್ರೀ ಯಜಮಾನ್ರ, ಪಿಸ್ಟನ್ ಏನ್ ಕಾಳ ಅಂತ ತಿಳಿದ್ರೇನ್ರಿ, ಕುದಿಸಿ ಉಸುಳಿ ಮಾಡಾಕ?”

“ನಗೂದ ಮುಗದ್ರ ಹೇಳಪಾ. ಕೊಡತೀಯೋ ಇಲ್ಲೋ?”

“ನನ್ನ ಕಡೆ ಪಿಸ್ಟನ್ ಅದಾವ, ಗಾಡಿ ಇಲ್ಲ. ಅವನ ಕಡೆ ಗಾಡಿ ಐತಿ, ಪಿಸ್ಟನ್ ಇಲ್ಲ. ನಿಮ್ಮ ಅಳ್ಯಾ ಒಂದ ದಿನ ಹೊಡೀಲಿ, ನಾ ಒಂದ ದಿನ ಹೊಡೀತೇನಿ. ಅರ್ಧಾ ಅವಂದು, ಅರ್ಧಾ ನಂದು. ಒಪ್ಪಿದ್ರ ಇವತ್ತ ಬಿಚ್ಚತೇನಿ.”

“ಅವ ಒಪ್ಪೂದಿಲ್ಲ.”

“ಕೆಡಿಸಿದವರು ನೀವು. ಒಪ್ಪಸೂದೂ ನಿಮ್ಮದ ಕೆಲಸ.” ಮತ್ತೆ ಏಳುವಾಗ ಬೆರಳೆತ್ತಿ, “ಇನ್ನೊಂದ ಮಾತ್ರಿ. ಅವನ್ನ ನಿಮ್ಮ ಕೈಗೆ ಕೊಡಾವಲ್ಲ. ನಮ್ಮ ಶಿವಗಂಗವ್ವ ತೊಳೀತಾಳ, ನಾನ ತಂದ ಕೂಡಸತೇನಿ. ನೀವು ದೂರ ಕುಂತ ನೋಡ್ರಿ,” ಎಂದ.

ಒಪ್ಪಿಕೊಂಡು ಬಂದೆ. ಅಳಿಯನ ಸರ್ವಿಸಿನ ಅರ್ಧವನ್ನು ಅಳಿಯನನ್ನು ಕೇಳದೆ ಕೊಟ್ಟು ಬಂದೆ. ಆರು ಪಿಸ್ಟನ್ನು ಕರಗಿಸಿದವನಿಗೆ ಅರ್ಧ ಬಸ್ಸು ಯಾವ ಲೆಕ್ಕ.

೨೮ ಫೆಬ್ರವರಿ, ಸೋಮವಾರ

ವೃಷಭ ಬಂದ. ಕೊಲ್ಹಾಪುರದಲ್ಲಿ ಎರಡು ದಿನ ಅಲೆದು ಸಂಪಾದಿಸಿದ ರಿಂಗುಗಳನ್ನು ಎಣ್ಣೆಕಾಗದದಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗೆ ಹಿಡಿದು ತಂದಿದ್ದ. ನೇರವಾಗಿ ಒಗೆಯುವ ಕಲ್ಲಿನ ಹತ್ತಿರ ಹೋದ.

“ಮಾವಾರ, ಇವೇನ್ರಿ?”

“ಪಿಸ್ಟನ್.”

“ನಮ್ಮವ?”

“ಇದ್ದವು.”

ಒಂದನ್ನು ಎತ್ತಿದ, ತಿರುವಿದ, ಬೆರಳಾಡಿಸಿದ. ಕಲ್ಲಿಗೆ ಬೀಸಿ ಒಗೆದ, ಅದು ಚೂರಾಯಿತು. ನಾನು ಸೋಡಾದ ವಿಷಯ ಹೇಳಿದೆ. ಗಿರಿಮಲ್ಲನ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿದೆ, ಎರಡನೆಯ ಉಸಿರು ಸಿಗುತ್ತದೋ ಇಲ್ಲವೋ ಎಂದು. ಬೈದಿದ್ದರೆ ಏನಾದರೊಂದು ಉತ್ತರ ಕೊಡುತ್ತಿದ್ದೆ. ನಾಲಿಗೆಯ ತುದಿಯಲ್ಲಿ ಎರಡು ಇಂಗ್ಲಿಷ್ ಗಾದೆ ಸಿದ್ಧವಿದ್ದವು. ಬೈಯಲಿಲ್ಲ. ರಿಂಗಿನ ಪೊಟ್ಟಣವನ್ನು ರಾಜಮತಿಯ ಕೈಗೆ ಕೊಟ್ಟು ಹೊರಗೆ ಹೋದ. ಇಂಗ್ಲಿಷ್ ಗಾದೆಗಳು ಅಲ್ಲಿಯೇ ಉಳಿದವು.

ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಬಂದ. ಅಕ್ಕ ಬಡಿಸಿದಳು. ಅರ್ಧ ರೊಟ್ಟಿ ತಿಂದು, ನನ್ನ ಕಡೆ ನೋಡದೆ ಅಂದ: “ಆ ಗಿರಿಮಲ್ಲನ ಜೋಡಿ ಅರ್ಧಾ ಹಂಚಕೊಂಡ ಬದುಕೂದು ಅಂದ್ರ ನನಗ ಸತ್ತಂಗ್ರಿ ಮಾವಾರ.”

“ಬ್ಯಾಡ ಬಿಡ್ರಿ ಅಳ್ಯಾರ. ಅಂಗಡಿ ಗಾದಿ ಪೂರಾ ನಿಮ್ಮದ ಐತಿ. ಯಾರ ಜೋಡೀನೂ ಹಂಚಕೊಳ್ಳೂ ಹಂಗಿಲ್ಲ.”

ವೃಷಭ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಅವನ ಹೆಗಲು ಅಲುಗಿದವು. ಅಳುತ್ತಾನೆ ಎಂದುಕೊಂಡೆ. ನಗುತ್ತಿದ್ದ.

“ಕುದಿಸಿದ್ರಲ್ರಿ ಮಾವಾರ,” ಎಂದ. “ಪಿಸ್ಟನ್ನ ಕುದಿಸಿದ್ರಲ್ಲ!”

೬ ಮಾರ್ಚ್, ಸೋಮವಾರ

ಬರೆಯಲು ಪುರಸತ್ತಿಲ್ಲ. ಬೆಳಗಿನಿಂದ ಬೇವಿನ ಮರದಡಿ ನಿಂತ ಬಸ್ಸಿನ ಹತ್ತಿರ. ಗಿರಿಮಲ್ಲನೂ ವೃಷಭನೂ ಎಂಜಿನ್ನಿನೊಳಗೆ ತಲೆ ಹಾಕಿ ಒಬ್ಬರನ್ನೊಬ್ಬರು ಬೈಯುತ್ತಾರೆ. “ನಟ್ ಹಂಗಲ್ಲಲೇ, ಹಿಂಗ.” “ನಿನ್ನ ಗಾಡಿ ಹಳ್ಳಕ್ಕ ಒಗದಿ, ನನಗ ಕಲಸತೀಯೇನಲೇ?” ಇಬ್ಬರಿಗೂ ಬಹಳ ಖುಷಿ. ನನಗೆ ಮುಟ್ಟಲು ಪರವಾನಗಿ ಇಲ್ಲ. ಒಲೆಯ ಗಾಳಿ ಪಂಖ ತಿರುವುವ ಕೆಲಸ ಕೊಟ್ಟಿದ್ದಾರೆ. ಇದ್ದಲಿ ಕೆಂಪಾಗುವವರೆಗೆ ಕೈ ಬಿಡದೆ ತಿರುವಬೇಕು. ಸಂಜೆ ಎಂಜಿನ್ನು ಒಮ್ಮೆ ಕೆಮ್ಮಿ, ಎರಡು ಸಲ ಸೀನಿ, ಹಿಡಿಯಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದವು.

ಏರು ಹತ್ತುತ್ತದೋ? ಇಬ್ಬರೂ ಹೇಳಲೊಲ್ಲರು.

೧೦ ಮಾರ್ಚ್, ಶುಕ್ರವಾರ

ಪರೀಕ್ಷಕ ಸಾಹೇಬರು ಸಣ್ಣ ಮೀಸೆ, ದೊಡ್ಡ ಗಡಿಯಾರದ ಮನುಷ್ಯ. ವೃಷಭನ ಮಗ್ಗುಲಿಗೆ ಮುಂದೆ ಕುಳಿತು, “ಗಾಡಿ ತುಂಬ ಮಂದಿ ಕೂಡಸ್ರಿ,” ಎಂದರು. ಪುಕ್ಕಟೆ ಎಂದರೂ ಜನ ಹತ್ತಲಿಲ್ಲ. ನಾನು ಪಿಸ್ಟನ್ನು ಬೇಯಿಸಿದ ಸುದ್ದಿ ಸಾವಳಗಿಯವರೆಗೆ ಹೋಗಿದೆಯಂತೆ. ಕಡೆಗೆ ನಾವೇ ತುಂಬಿಕೊಂಡೆವು. ರಾಜಮತಿ, ಗಿರಿಮಲ್ಲ, ಶಿವಗಂಗವ್ವ, ಅವರ ಓಣಿಯವರು. ಹೀರಾ ಅಕ್ಕ ಬೆಂಚಿನ ಕೆಳಗೆ ಇರುವೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುಳಿತಳು. ಮಗನನ್ನು ಕರೆದೊಯ್ಯಲು ಚಕ್ಕಡಿ ಸಮೇತ ಬಂದಿದ್ದ ಬೀಗರು ದೂರ ನಿಂತಿದ್ದರು.

“ಭಾರಕ್ಕರ ಕೂಡ್ರಿ ಬೀಗರ,” ಎಂದೆ. “ಬಾಡಿಗಿ ಇಲ್ಲ, ಕರ್ಮ ಹತ್ತೂದಿಲ್ಲ.”

ಅವರು ಕಟ್ಟಕಡೆಯ ಬೆಂಚಿನಲ್ಲಿ ಶಲ್ಯ ಹಾಸಿ ಕುಳಿತರು.

ಬುಡದಲ್ಲಿ ಗಾಡಿ ಚಲೋ ಹತ್ತಿತು. ಅರ್ಧಕ್ಕೆ ಬಂದಾಗ ಏದುಸಿರು ಬಿಟ್ಟಿತು. ಇನ್ನೂ ಸ್ವಲ್ಪ ಮೇಲೆ, ಎಂಜಿನ್ನು ಗುಡುಗುತ್ತಿದೆ, ಮರಗಳು ಮಾತ್ರ ಹಿಂದೆ ಸರಿಯಲೊಲ್ಲವು. ವೃಷಭನ ಕುತ್ತಿಗೆ ಹಿಂದಿನಿಂದಲೂ ಬೆವರುವುದು ಕಾಣುತ್ತಿತ್ತು. ಗಿರಿಮಲ್ಲ ನನ್ನನ್ನು ನೋಡಿದ. ಹಿಂದಿನ ಬಾಗಿಲನ್ನು ಸದ್ದಿಲ್ಲದೆ ತೆರೆದು ಇಳಿದ. ಅವನ ಹಿಂದೆ ನಾನು. ನನ್ನ ಹಿಂದೆ ರಾಜಮತಿ, ಶಿವಗಂಗವ್ವ, ಓಣಿಯವರು, ಅಕ್ಕ. ಒಲೆಯ ಡ್ರಮ್ಮು ಹಿಂದುಗಡೆ ಗೋಡೆಯಂತೆ ನಿಂತಿರುವುದರಿಂದ ಮುಂದೆ ಕುಳಿತವರಿಗೆ ನಾವು ಕಾಣುವ ಹಾಗಿಲ್ಲ. ಡ್ರಮ್ಮು ಬಿಟ್ಟು ಸಿಕ್ಕಸಿಕ್ಕಲ್ಲಿ ಹೆಗಲು ಕೊಟ್ಟು ನೂಕಿದೆವು. ಗಾಡಿ ಒಂದು ಗೇಣು ಹೋಯಿತು, ನಿಂತಿತು. ಒಳಗೆ ಬೀಗರೊಬ್ಬರೇ, ಶಲ್ಯದ ಮೇಲೆ, ದೇವರ ಹಾಗೆ.

ಆಗ ಎದುರಿನಿಂದ ಬನಹಟ್ಟಿಯ ಎರಡು ಚಕ್ಕಡಿ ಇಳಿದು ಬಂದವು. ಮೇಲಿದ್ದವನು ಅರಿವೆ ವ್ಯಾಪಾರಿ ಶಿದ್ರಾಮಪ್ಪ, ಬೀಗರ ಎದುರಂಗಡಿಯವನು.

“ಏನ್ ಪಾಯಪ್ಪ ಸೇಟರ! ಮಗನ ಗಾಡಿ ಕುಂತ ಬಿಟ್ಟಿತಲ್ರಿ! ಗಾದಿ ಝಾಡಿಸಿ ಇಟ್ಟೀರಿಲ್ಲೋ?”

ಬೀಗರು ಇಳಿದರು. ಶಲ್ಯ ಮಡಚಿ ಹೆಗಲಿಗೆ ಹಾಕಿಕೊಂಡರು. ನನ್ನ ಪಕ್ಕಕ್ಕೆ ಬಂದು ಎರಡೂ ಕೈ ಕೊಟ್ಟರು.

“ನನ್ನ ಮಗ ಕೆಟ್ಟ ಅಂತ ನಾ ಅಂತೇನಿ,” ಎಂದರು ಹಲ್ಲು ಕಚ್ಚಿ. “ಊರ ಮಂದಿ ಯಾಕ ಅನ್ನಬೇಕು? ನೂಕ್ರಿ ಬೀಗರ! ಕೈ ಆಡಸ್ಯಾಡಬ್ಯಾಡ್ರಿ, ಬಗ್ಗಿ ನೂಕ್ರಿ!”

ಮನುಷ್ಯ ದಪ್ಪಗಿದ್ದಾರೆ. ಅವರ ಭಾರ ಗಾಡಿಯಿಂದ ಇಳಿದದ್ದಕ್ಕೋ ಗಾಡಿಗೆ ಹತ್ತಿದ್ದಕ್ಕೋ, ಚಕ್ರ ತಿರುಗಿತು. ಒಮ್ಮೆ ತಿರುಗಿದ್ದು ನಿಲ್ಲಲಿಲ್ಲ. ಏರಿನ ನೆತ್ತಿಯವರೆಗೆ ಹಾಗೆಯೇ ಹೋದೆವು, ಮುಖದ ಮೇಲೆ ಬೂದಿ ಉದುರುತ್ತಿತ್ತು, ಯಾರೋ ನಗುತ್ತಿದ್ದರು, ನಾನೇ ಇರಬೇಕು.

ಮತ್ತೆ ಹತ್ತಿ ಕೂಡಲು ಸಮಯ ಸಿಗಲಿಲ್ಲ. ಸಾಹೇಬರು ಇಳಿದು ಹಿಂದೆ ಬಂದೇ ಬಿಟ್ಟರು. ಸಾಲಾಗಿ ನಿಂತ ನಮ್ಮನ್ನು ನೋಡಿದರು. ಬೀಗರ ಹಾಲಿನಂಥ ಧೋತರ ಈಗ ನನ್ನ ಅಂಗಿಯ ಬಣ್ಣದ್ದು, ನನ್ನ ಅಂಗಿ ಎಂಜಿನ್ನಿನ ಬಣ್ಣದ್ದು. ವೃಷಭ ಅವರ ಹಿಂದೆ ನಿಂತಿದ್ದ, ತಂದೆಯ ಕೈಗಳನ್ನೇ ನೋಡುತ್ತ. ಯಾರೂ ಉಸಿರಾಡಲಿಲ್ಲ, ಉಸಿರೂ ಉಳಿದಿರಲಿಲ್ಲ.

“ಮುಂದಿನ ಎಂಜಿನ್ ಬರೋಬ್ಬರಿ ಐತಿ,” ಎಂದರು ಸಾಹೇಬರು. “ಹಿಂದಿನ ಎಂಜಿನ್ ಅದಕ್ಕಿಂತ ಛಲೋ ಐತಿ. ಇದ್ದಲಿ ಗಾಡಿ ಏರಿನ್ಯಾಗ ಎಲ್ಲಾ ಕಡೆ ಹಿಂಗ. ನನಗೊಂದ ಹೇಳ್ರಿ, ಈ ಮಂದಿ ದಿನಾ ಸಿಗತಾರೇನು?”

ಗಿರಿಮಲ್ಲ ಬಾಯಿ ತೆರೆದ. ಅವನಿಗಿಂತ ಮುಂಚೆ ಬೀಗರು ಕೈಯ ಮಸಿಯನ್ನು ಧೋತರಕ್ಕೆ ಒರೆಸಿಕೊಂಡು, “ಸಿಗತಾರ್ರಿ ಸಾಹೇಬ್ರ,” ಎಂದರು.

ಪಾಸು ಆಯಿತು. ಬೀಗರು ತಮ್ಮ ಚಕ್ಕಡಿಯನ್ನು ಬರಿದಾಗಿ ಕಳಿಸಿ, ಮನೆಗೆ ಬಂದು, ಬಚ್ಚಲಲ್ಲಿ ಕುಳಿತು ಮಗನ ಕೈಯಿಂದ ಬೆನ್ನು ತಿಕ್ಕಿಸಿಕೊಂಡರು. ಅಪ್ಪ ಮಗ ಏನು ಮಾತಾಡಿದರೋ ನನಗೆ ಕೇಳಲಿಲ್ಲ. ಸಿಳ್ಳು ಮಾತ್ರ ಕೇಳಿಸಿತು.

ನಾಳೆ ಎಂಟಕ್ಕೆ ಮೊದಲ ಗಾಡಿ. ರಾಜಮತಿ ಈಗ ಬಂದು ನನ್ನ ಅಂಗಿಯನ್ನು ನೆನೆಯಿಡಲು ಕೇಳಿದಳು. ಬೇಡವೆಂದೆ. ಒಂದು ಕೆಟ್ಟಿದೆ, ಸಾಕು. ನಾಳೆ ಗಾಡಿ ನೂಕಲು ಇನ್ನೊಂದನ್ನು ಯಾಕೆ ಕೆಡಿಸಬೇಕು.